ಸ್ಥಾನ ಕಳೆದುಕೊಂಡ ಐದು ಬೈಟ್‌ಗಳು

ಓಡುತ್ತಿರುವ ಪ್ರೋಗ್ರಾಮಿನ ಮಷೀನ್ ಕೋಡನ್ನು ಮೆಮೊರಿಯಲ್ಲೇ ತಿದ್ದಿ, ಒಂದು ಫಂಕ್ಷನ್ನಿಗೆ ಹೋಗಬೇಕಾದ ಕರೆಯನ್ನು ನನ್ನದೇ ಫಂಕ್ಷನ್ನಿಗೆ ತಿರುಗಿಸುವ ಕೆಲಸವನ್ನು ನಾನು ಕಲಿತದ್ದು ಬೇರೆ ದಾರಿಗಳೆಲ್ಲ ಮುಚ್ಚಿಹೋದ ಮೇಲೆ. ದಿನಗಟ್ಟಲೆ ಓಡುವ ನಮ್ಮ ಸರ್ವರ್ ಪ್ರೋಗ್ರಾಮ್ ಆಗಾಗ ಎರಡು ಮೂರು ಸೆಕೆಂಡು ಸ್ತಬ್ಧವಾಗುತ್ತಿತ್ತು. ಅದು ಬಳಸುತ್ತಿದ್ದ ಒಂದು ಲೈಬ್ರರಿಯಲ್ಲಿ ದಾಖಲೆಗಳನ್ನು ಡಿಸ್ಕಿಗೆ ಬರೆಯುವ ಫಂಕ್ಷನ್ ಒಂದಿತ್ತು. ಅದನ್ನು ಯಾವುದೋ ಕೋಡ್ ಬೇಡದ ಹೊತ್ತಿನಲ್ಲಿ ಕರೆಯುತ್ತಿದೆ ಎಂಬುದು ನನ್ನ ಅನುಮಾನ. ಲೈಬ್ರರಿಯ ಸೋರ್ಸ್ ಕೋಡ್ ನಮ್ಮ ಬಳಿ ಇರಲಿಲ್ಲ. ಡಿಬಗರ್‌ನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟರೆ ಪ್ರತಿ ಕರೆಗೂ ಇಡೀ ಪ್ರೋಗ್ರಾಮ್ ನಿಂತು ಮುಂದುವರಿಯಬೇಕಾಗಿತ್ತು, ಹಾಗೆ ನಿಧಾನವಾದಾಗ ಆ ಸ್ತಬ್ಧತೆ ಕಾಣಿಸಿಕೊಳ್ಳುತ್ತಲೇ ಇರಲಿಲ್ಲ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಮೊದಲು ನೆನಪಾಗುವ ಎಲ್‌ಡಿ_ಪ್ರಿಲೋಡ್ ಉಪಾಯವೂ, ಅಂದರೆ ನಮ್ಮ ಲೈಬ್ರರಿಯನ್ನು ಉಳಿದವಕ್ಕಿಂತ ಮೊದಲು ಲೋಡ್ ಮಾಡಿಸುವುದೂ, ಫಲಿಸಲಿಲ್ಲ. ಅದು, ಪ್ರೋಗ್ರಾಮಿಗೆ ಲೈಬ್ರರಿಗಳನ್ನು ಜೋಡಿಸುವ ಡೈನಮಿಕ್ ಲಿಂಕರ್‌ನ ಕೋಷ್ಟಕದ ಮೂಲಕ ಹೋಗುವ ಕರೆಗಳನ್ನು ಮಾತ್ರ ಹಿಡಿಯುತ್ತದೆ, ಈ ಲೈಬ್ರರಿಯಾದರೋ ತನ್ನೊಳಗಿನ ಕರೆಗಳನ್ನು ಆ ಕೋಷ್ಟಕದ ಹಂಗಿಲ್ಲದೆ ನೇರವಾಗಿ ಜೋಡಿಸಿಕೊಂಡಿತ್ತು. ಎಲ್ಲ ಕರೆಗಳೂ ತಪ್ಪದೆ ಹಾದುಹೋಗುವ ಜಾಗ ಒಂದೇ ಒಂದು: ಆ ಫಂಕ್ಷನ್ನಿನ ಮೊದಲ ಬೈಟ್.

ತತ್ತ್ವ ಸರಳವಾಗಿದೆ. ಎಕ್ಸ್86 ಪ್ರೊಸೆಸರ್‌ಗಳಲ್ಲಿ ಇ9 ಎಂಬ ಬೈಟ್‌ನಿಂದ ಶುರುವಾಗುವ ಜಂಪ್ ಇನ್‌ಸ್ಟ್ರಕ್ಷನ್ನಿಗೆ, ಅಂದರೆ ಬೇರೆ ವಿಳಾಸಕ್ಕೆ ಹೋಗೆಂದು ಪ್ರೊಸೆಸರ್‌ಗೆ ಕೊಡುವ ಆದೇಶಕ್ಕೆ, ಒಟ್ಟು ಐದು ಬೈಟ್ ಬೇಕು. ಮೊದಲ ಬೈಟ್ ಇದು ಜಂಪ್ ಎಂದು ಹೇಳುತ್ತದೆ. ಉಳಿದ ನಾಲ್ಕು ಬೈಟ್‌ಗಳು ಎಷ್ಟು ದೂರ ಹೋಗಬೇಕು ಎಂಬುದನ್ನು ಚಿಹ್ನೆಸಹಿತವಾದ 32 ಬಿಟ್‌ಗಳ ಸಂಖ್ಯೆಯಾಗಿ ಹೇಳುತ್ತವೆ. ಆ ದೂರವನ್ನು ಜಂಪ್ ಇರುವ ವಿಳಾಸದಿಂದಲ್ಲ, ಅದು ಮುಗಿದ ನಂತರದ ವಿಳಾಸದಿಂದ ಅಳೆಯಬೇಕು. ಐದನ್ನು ಕಳೆಯಲು ಮರೆತವರು ಗುರಿಗಿಂತ ಐದು ಬೈಟ್ ಮುಂದೆ ಇಳಿಯುತ್ತಾರೆ. ಈ ಐದು ಬೈಟ್‌ಗಳನ್ನು ಮೂಲ ಫಂಕ್ಷನ್ನಿನ ಆರಂಭದ ಮೇಲೆ ಬರೆದರೆ, ಆ ಫಂಕ್ಷನ್ನನ್ನು ಯಾರು ಎಲ್ಲಿಂದ ಕರೆದರೂ ನಮ್ಮ ಫಂಕ್ಷನ್ನಿಗೆ ಬಂದು ಸೇರುತ್ತಾರೆ. ಇಲ್ಲಿ ಫಂಕ್ಷನ್ನನ್ನು ಕರೆಯುವ ಕಾಲ್ ಇನ್‌ಸ್ಟ್ರಕ್ಷನ್ ಬದಲು ಜಂಪ್ ಬಳಸುವುದಕ್ಕೆ ಕಾರಣವಿದೆ. ಜಂಪ್, ಕರೆಗಳ ಲೆಕ್ಕ ಇಡುವ ಮೆಮೊರಿಯಾದ ಸ್ಟ್ಯಾಕ್‌ನ ಮೇಲೆ ಏನನ್ನೂ ಇಡುವುದಿಲ್ಲ, ಆದ್ದರಿಂದ ನಮ್ಮ ಹುಕ್ ಫಂಕ್ಷನ್ (ಹೀಗೆ ಕರೆಯನ್ನು ನಡುವೆ ಹಿಡಿಯುವುದಕ್ಕೆ ಹುಕ್ ಎಂದು ಹೆಸರು) ಶುರುವಾಗುವ ಹೊತ್ತಿಗೆ ಸ್ಟ್ಯಾಕ್‌ನ ತುದಿಯಲ್ಲಿ ಮೂಲ ಕರೆಗಾರ ಇಟ್ಟುಹೋದ ಹಿಂತಿರುಗುವ ವಿಳಾಸವೇ ಇರುತ್ತದೆ. ಯಾರು ಕರೆದರು ಎಂಬ ನನ್ನ ಪ್ರಶ್ನೆಗೆ ಉತ್ತರ ಅಲ್ಲೇ ಕುಳಿತಿತ್ತು.

ಬರೆಯುವುದಕ್ಕೆ ಮುಂಚೆ ಅನುಮತಿ ಬೇಕು. ಕೋಡ್ ಇರುವ ಪುಟಗಳನ್ನು, ಅಂದರೆ ಮೆಮೊರಿಯ ಸಮಗಾತ್ರದ ತುಂಡುಗಳನ್ನು, ಆಪರೇಟಿಂಗ್ ಸಿಸ್ಟಂ ಓದುವುದಕ್ಕೆ ಮತ್ತು ಚಲಾಯಿಸುವುದಕ್ಕೆ ಮಾತ್ರ ತೆರೆದಿಟ್ಟಿರುತ್ತದೆ. ಲಿನಕ್ಸ್‌ನಲ್ಲಿ ಎಂ‌ಪ್ರೊಟೆಕ್ಟ್, ವಿಂಡೋಸ್‌ನಲ್ಲಿ ವರ್ಚುವಲ್‌ಪ್ರೊಟೆಕ್ಟ್ ಈ ಅನುಮತಿಯನ್ನು ಬದಲಿಸುತ್ತವೆ. ಪುಟ ಸಾಮಾನ್ಯವಾಗಿ 4096 ಬೈಟ್‌ಗಳದ್ದು, ಫಂಕ್ಷನ್ನಿನ ಮೊದಲ ಐದು ಬೈಟ್‌ಗಳು ಎರಡು ಪುಟಗಳ ಗಡಿಯ ಮೇಲೆ ಬಿದ್ದಿದ್ದರೆ ಎರಡನ್ನೂ ತೆರೆಯಬೇಕು. ಬರೆದ ಕ್ಷಣದಲ್ಲಿ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಆ ಪುಟದ ಖಾಸಗಿ ಪ್ರತಿಯೊಂದನ್ನು ಮಾಡಿಕೊಡುತ್ತದೆ, ಹಾಗಾಗಿ ಅದೇ ಲೈಬ್ರರಿಯನ್ನು ಬಳಸುತ್ತಿರುವ ಬೇರೆ ಪ್ರೊಸೆಸ್‌ಗಳಿಗೆ ಏನೂ ಆಗುವುದಿಲ್ಲ. ಬರೆಯುವ ಅನುಮತಿ ಕೊಡುವಾಗ ಚಲಾಯಿಸುವ ಅನುಮತಿಯನ್ನು ಕ್ಷಣಕಾಲ ತೆಗೆದುಬಿಟ್ಟರೂ ಅಪಾಯ: ಆ ಪುಟದ ಬೇರೊಂದು ಫಂಕ್ಷನ್ನಿನಲ್ಲಿ ಓಡುತ್ತಿರುವ ಥ್ರೆಡ್ (ಪ್ರೋಗ್ರಾಮಿನೊಳಗೆ ಇತರವುಗಳ ಜೊತೆಗೇ ಓಡುವ ಒಂದು ಎಳೆ) ಅಲ್ಲೇ ಮುಗ್ಗರಿಸಿ ಇಡೀ ಪ್ರೋಗ್ರಾಮ್ ಕುಸಿಯುತ್ತದೆ. ಸಿ ಲೈಬ್ರರಿಯನ್ನೇ ತಿದ್ದುವಾಗ ಎಂ‌ಪ್ರೊಟೆಕ್ಟ್ ಫಂಕ್ಷನ್ ಅದೇ ಪುಟದಲ್ಲಿದ್ದರೆ, ಅನುಮತಿ ಬದಲಿಸಿದ ಕರೆ ತಾನೇ ಹಿಂತಿರುಗಿ ಬರಲಾರದು.

ಇಷ್ಟಾದರೆ ಕರೆ ನಮ್ಮ ಬಳಿ ಬರುತ್ತದೆ. ಆದರೆ ನಮಗೆ ಬೇಕಾದದ್ದು ಕರೆಯನ್ನು ಕದಿಯುವುದಲ್ಲ, ಗಮನಿಸಿ ಮುಂದಕ್ಕೆ ಕಳಿಸುವುದು. ಮೂಲ ಫಂಕ್ಷನ್ನಿನ ಆರಂಭವನ್ನು ನಾವೇ ಅಳಿಸಿದ್ದೇವೆ. ಈಗ ಅದನ್ನು ಕರೆಯಲು ಹೋದರೆ ಮತ್ತೆ ನಮ್ಮಲ್ಲಿಗೇ ಬರುತ್ತೇವೆ. ಆದ್ದರಿಂದ ಅಳಿಸುವ ಮುನ್ನ ಆ ಬೈಟ್‌ಗಳನ್ನು ಬೇರೊಂದು ಕಡೆ ನಕಲು ಮಾಡಿಟ್ಟುಕೊಂಡು, ಅವುಗಳ ಕೊನೆಗೆ ಮೂಲ ಫಂಕ್ಷನ್ನಿನ ಉಳಿದ ಭಾಗಕ್ಕೆ ಹೋಗುವ ಜಂಪ್ ಒಂದನ್ನು ಸೇರಿಸುತ್ತಾರೆ. ಈ ಸಣ್ಣ ತುಣುಕಿಗೆ ಟ್ರ್ಯಾಂಪೊಲಿನ್ ಎಂದು ಹೆಸರು. ಮೈಕ್ರೋಸಾಫ್ಟ್ ರಿಸರ್ಚ್‌ನ ಗೇಲನ್ ಹಂಟ್ ಮತ್ತು ಡಗ್ ಬ್ರೂಬಾಕರ್ 1999ರಲ್ಲಿ ಡೀಟೂರ್ಸ್ ಎಂಬ ಲೈಬ್ರರಿಯ ಬಗ್ಗೆ ಪ್ರಕಟಿಸಿದ ಪ್ರಬಂಧದಲ್ಲಿ ಈ ವಿನ್ಯಾಸವೇ ಇದೆ, ಇಂದು ಬಳಕೆಯಲ್ಲಿರುವ ಹೆಚ್ಚಿನ ಹುಕ್ ಲೈಬ್ರರಿಗಳೂ ಇದೇ ಹಾದಿಯಲ್ಲಿ ನಡೆಯುತ್ತವೆ. ಜಂಪ್ ಬರೆಯುವುದು ಒಂದು ಸಂಜೆಯ ಕೆಲಸ. ಜಂಪ್‌ಗೆ ಜಾಗ ಬಿಟ್ಟುಕೊಟ್ಟ ಆ ಐದು ಬೈಟ್‌ಗಳನ್ನು ಹೊಸ ಜಾಗದಲ್ಲಿ ಸರಿಯಾಗಿ ಬದುಕಿಸುವುದಕ್ಕೆ ನನಗೆ ಹಲವು ವಾರಗಳು ಹಿಡಿದವು.

ಮೊದಲ ತೊಡಕು ಅಳತೆಯದ್ದು. ಎಕ್ಸ್86 ಇನ್‌ಸ್ಟ್ರಕ್ಷನ್ನಿನ ಉದ್ದ ಒಂದು ಬೈಟ್‌ನಿಂದ 15 ಬೈಟ್‌ಗಳವರೆಗೆ ಏನೂ ಇರಬಹುದು. ಐದನೆಯ ಬೈಟ್ ಯಾವುದೋ ಇನ್‌ಸ್ಟ್ರಕ್ಷನ್ನಿನ ನಟ್ಟನಡುವೆ ಬೀಳಬಹುದು, ಅರ್ಧ ಇನ್‌ಸ್ಟ್ರಕ್ಷನ್ನನ್ನು ನಕಲು ಮಾಡಿ ಪ್ರಯೋಜನವಿಲ್ಲ. ಹಾಗಾಗಿ ಪ್ರತಿ ಇನ್‌ಸ್ಟ್ರಕ್ಷನ್ನಿನ ಉದ್ದವನ್ನು ಲೆಕ್ಕ ಹಾಕಬಲ್ಲ ಒಂದು ಡಿಸ್‌ಅಸೆಂಬ್ಲರ್ ನಮ್ಮ ಜೊತೆಗಿರಲೇಬೇಕು. ಐದು ಬೈಟ್ ತುಂಬುವವರೆಗೆ ಇಡಿಯ ಇನ್‌ಸ್ಟ್ರಕ್ಷನ್‌ಗಳನ್ನು ಒಂದೊಂದಾಗಿ ಎತ್ತಿಕೊಳ್ಳಬೇಕು. ಇದನ್ನು ಕೈಯಿಂದಲೇ ಬರೆಯುತ್ತೇನೆ ಎಂದು ಹೊರಡುವುದು ಬೇಡ ಎಂದು ನಾನು ಯಾರಿಗಾದರೂ ಹೇಳಿಯೇನು. ಇನ್‌ಸ್ಟ್ರಕ್ಷನ್ನಿನ ಮುಂದೆ ಸೇರುವ ಪ್ರಿಫಿಕ್ಸ್ ಬೈಟ್‌ಗಳ ಲೆಕ್ಕದಲ್ಲಿ ಒಂದು ಸಣ್ಣ ತಪ್ಪಾದರೂ ಮುಂದಿನದೆಲ್ಲ ಕೆಡುತ್ತದೆ.

ಎರಡನೆಯದು ನೆಲೆಯದ್ದು. ಕೆಲವು ಇನ್‌ಸ್ಟ್ರಕ್ಷನ್‌ಗಳಿಗೆ ತಾವು ಎಲ್ಲಿವೆ ಎಂಬುದರ ಮೇಲೆ ಅರ್ಥ ನಿಂತಿರುತ್ತದೆ. 64 ಬಿಟ್‌ಗಳ ಕೋಡ್‌ನಲ್ಲಿ ಜಾಗತಿಕ ಚರಾಂಶವೊಂದನ್ನು ಓದುವ ಇನ್‌ಸ್ಟ್ರಕ್ಷನ್ ಸಾಮಾನ್ಯವಾಗಿ ‘ನನ್ನಿಂದ ಇಷ್ಟು ಬೈಟ್ ಮುಂದೆ ಇರುವುದನ್ನು ತಾ’ ಎಂದು ಹೇಳುತ್ತದೆ. ಅದನ್ನು ಹಾಗೆಯೇ ಟ್ರ್ಯಾಂಪೊಲಿನ್‌ಗೆ ಒಯ್ದಿಟ್ಟರೆ ಹೊಸ ಜಾಗದಿಂದ ಅಷ್ಟು ಬೈಟ್ ಮುಂದಿರುವ, ಸಂಬಂಧವೇ ಇಲ್ಲದ ಯಾವುದನ್ನೋ ಓದುತ್ತದೆ. ಇನ್‌ಸ್ಟ್ರಕ್ಷನ್ ಎಷ್ಟು ಮುಂದಕ್ಕೆ ಸರಿಯಿತೋ ಅಷ್ಟನ್ನು ಅದರೊಳಗಿನ ದೂರದಿಂದ ಕಳೆದು ಬರೆಯಬೇಕು. ಶರತ್ತಿನ ಸಣ್ಣ ಜಂಪ್‌ಗಳಲ್ಲಿ ದೂರವನ್ನು ಹೇಳಲು ಒಂದೇ ಬೈಟ್ ಇರುತ್ತದೆ, ಅದು 127ಕ್ಕಿಂತ ಮುಂದಕ್ಕಾಗಲಿ 128ಕ್ಕಿಂತ ಹಿಂದಕ್ಕಾಗಲಿ ತಲುಪದು. ಅವನ್ನು ಆರು ಬೈಟ್‌ಗಳ ದೊಡ್ಡ ರೂಪಕ್ಕೆ ಹಿಗ್ಗಿಸಿ ಬರೆಯಬೇಕು.

ಮೂರನೆಯದನ್ನು ನಾನು ಪಾಠವಾಗಿ ಓದಿರಲಿಲ್ಲ, ಅನುಭವಿಸಿ ತಿಳಿದೆ. ಅಭ್ಯಾಸಕ್ಕೆಂದು ಅಕ್ಷರಗಳ ಸಾಲಿನ ಉದ್ದವನ್ನು ಎಣಿಸುವ ಹದಿನಾಲ್ಕು ಬೈಟ್‌ಗಳ ಫಂಕ್ಷನ್ ಒಂದನ್ನು ಅಸೆಂಬ್ಲಿಯಲ್ಲಿ ಬರೆದುಕೊಂಡಿದ್ದೆ. ಮೊದಲ ಎರಡು ಬೈಟ್‌ಗಳು ಎಣಿಕೆಯ ರಿಜಿಸ್ಟರನ್ನು (ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹಸ್ಥಾನವನ್ನು) ಸೊನ್ನೆ ಮಾಡುತ್ತವೆ. ಮುಂದಿನ ನಾಲ್ಕು ಬೈಟ್‌ಗಳು ಈಗಿನ ಅಕ್ಷರ ಸಾಲಿನ ಕೊನೆಯನ್ನು ಸೂಚಿಸುವ ಸೊನ್ನೆಯೇ ಎಂದು ಹೋಲಿಸುತ್ತವೆ. ಸೊನ್ನೆಯಾದರೆ ಕೊನೆಗೆ ಹೋಗಿ ಹಿಂತಿರುಗುವುದು. ಅಲ್ಲವಾದರೆ ಎಣಿಕೆಗೆ ಒಂದು ಸೇರಿಸಿ ಮತ್ತೆ ಹೋಲಿಕೆಗೆ ಹಿಂದೆ ಬರುವುದು. ಹುಕ್ ಹಾಕುವಾಗ ನನ್ನ ಕೋಡ್ ಮೊದಲೆರಡು ಇನ್‌ಸ್ಟ್ರಕ್ಷನ್‌ಗಳನ್ನು, ಅಂದರೆ ಆರು ಬೈಟ್‌ಗಳನ್ನು, ಟ್ರ್ಯಾಂಪೊಲಿನ್‌ಗೆ ಸಾಗಿಸಿ ಆ ಜಾಗದಲ್ಲಿ ಜಂಪ್ ಬರೆಯಿತು. ಖಾಲಿ ಸಾಲು ಕೊಟ್ಟು ನೋಡಿದೆ, ಉತ್ತರ ಸೊನ್ನೆ ಎಂದು ಸರಿಯಾಗಿ ಬಂತು. ಒಂದೇ ಅಕ್ಷರದ ಸಾಲು ಕೊಟ್ಟೊಡನೆ ಪ್ರೋಗ್ರಾಮ್ ಕುಸಿಯಿತು.

ಕುಸಿದ ವಿಳಾಸ ನನ್ನ ಹುಕ್‌ನಲ್ಲಿರಲಿಲ್ಲ, ಟ್ರ್ಯಾಂಪೊಲಿನ್‌ನಲ್ಲೂ ಇರಲಿಲ್ಲ. ಮೂಲ ಫಂಕ್ಷನ್ನಿನೊಳಗೇ ಇತ್ತು. ಡಿಬಗರ್‌ನಲ್ಲಿ ಫಂಕ್ಷನ್ನಿನ ಆರಂಭದಿಂದ ಓದಿಸಿದರೆ ಒಂದು ಆರೋಗ್ಯವಂತ ಜಂಪ್ ಕಾಣುತ್ತಿತ್ತು, ಅದರ ಕೆಳಗಿನ ಸಾಲುಗಳೂ ಸರಿಯಾಗಿದ್ದವು. ಬಹಳ ಹೊತ್ತಿನ ಮೇಲೆ ಕಣ್ಣು ಲೂಪ್‌ನ ಕೊನೆಯ ಇನ್‌ಸ್ಟ್ರಕ್ಷನ್ನಿನ ಮೇಲೆ ನಿಂತಿತು. ಅದು ಹಿಂದೆ ಬರುತ್ತಿದ್ದದ್ದು ಫಂಕ್ಷನ್ನಿನ ಎರಡನೆಯ ಬೈಟ್ ದಾಟಿದ ಜಾಗಕ್ಕೆ. ಅಲ್ಲಿ ಮೊದಲು ಹೋಲಿಕೆ ಇತ್ತು, ಈಗ ನನ್ನ ಜಂಪ್‌ನ ದೂರವನ್ನು ಹೇಳುವ ನಾಲ್ಕು ಬೈಟ್‌ಗಳ ಪೈಕಿ ಎರಡನೆಯದು ಇತ್ತು. ಪ್ರೊಸೆಸರ್‌ಗೆ ಅದು ದೂರ ಎಂದು ಗೊತ್ತಾಗುವ ಬಗೆಯಿಲ್ಲ. ಆ ಅಂಕಿಯನ್ನೇ ಇನ್‌ಸ್ಟ್ರಕ್ಷನ್ ಎಂದು ಓದಿ ಚಲಾಯಿಸಿತು. ಲೂಪ್ ಒಮ್ಮೆಯೂ ತಿರುಗದ ಖಾಲಿ ಸಾಲಿನ ಪರೀಕ್ಷೆ ಈ ಕಾರಣಕ್ಕೇ ಪಾರಾಗಿತ್ತು.

ಇದಕ್ಕೆ ಚೊಕ್ಕವಾದ ಪರಿಹಾರ ಇಲ್ಲ. ಇಡೀ ಫಂಕ್ಷನ್ನನ್ನು ಓದಿ, ಅದರೊಳಗಿನ ಯಾವುದಾದರೂ ಜಂಪ್ ನಾವು ಮುಚ್ಚಲಿರುವ ಬೈಟ್‌ಗಳ ನಡುವೆ ಬಂದು ಬೀಳುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಬೀಳುವುದಾದರೆ ಹುಕ್ ಹಾಕಲು ನಿರಾಕರಿಸಬೇಕು. ನನ್ನ ಕೋಡ್ ಅಂದಿನಿಂದ ಹಾಗೆಯೇ ಮಾಡುತ್ತದೆ. ತೀರಾ ಬೇಕೇ ಬೇಕಾದರೆ, ಐದು ಬೈಟ್‌ಗಳ ಬದಲು ಸಿಸಿ ಎಂಬ ಒಂದೇ ಬೈಟ್‌ನ ಬ್ರೇಕ್‌ಪಾಯಿಂಟ್ ಇನ್‌ಸ್ಟ್ರಕ್ಷನ್ ಬರೆದು, ಅದು ಎಬ್ಬಿಸುವ ಸಿಗ್ನಲ್ ಅನ್ನು ಪ್ರೋಗ್ರಾಮಿನೊಳಗೇ ಹಿಡಿಯಬಹುದು. ಅದು ಪ್ರತಿ ಕರೆಗೂ ಕರ್ನಲ್‌ಗೆ ಹೋಗಿ ಬರುವ ಹಾದಿ, ಆದ್ದರಿಂದ ನಿಧಾನ. ಆದರೆ ಮೊದಲ ಬೈಟ್‌ನ ಹೊರತು ಯಾರ ಜಾಗವನ್ನೂ ಕಸಿಯುವುದಿಲ್ಲ.

ದೂರದ ಸಮಸ್ಯೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಐದು ಬೈಟ್‌ಗಳ ಜಂಪ್ ಹಿಂದೆ ಮುಂದೆ ಎರಡೆರಡು ಗಿಗಾಬೈಟ್ ಮಾತ್ರ ತಲುಪುತ್ತದೆ, 64 ಬಿಟ್‌ಗಳ ವಿಳಾಸಾವಕಾಶದಲ್ಲಿ ನಮ್ಮ ಫಂಕ್ಷನ್ ಅದಕ್ಕಿಂತ ಎಷ್ಟೋ ದೂರದಲ್ಲಿರಬಹುದು. ಪೂರ್ಣ ವಿಳಾಸವನ್ನೇ ಹೊತ್ತ ಜಂಪ್‌ಗೆ 14 ಬೈಟ್ ಬೇಕು, ಅಷ್ಟು ಜಾಗ ಸಣ್ಣ ಫಂಕ್ಷನ್‌ಗಳಲ್ಲಿ ಸಿಗುವುದಿಲ್ಲ. ಹಾಗಾಗಿ ಮೂಲ ಫಂಕ್ಷನ್ನಿನ ಆಸುಪಾಸಿನಲ್ಲೇ ಒಂದು ಪುಟ ಮೆಮೊರಿ ಹುಡುಕಿ, ಐದು ಬೈಟ್‌ಗಳಲ್ಲಿ ಅಲ್ಲಿಗೆ ಹಾರಿ, ಅಲ್ಲಿಂದ 14 ಬೈಟ್‌ಗಳ ಜಂಪ್‌ನಲ್ಲಿ ದೂರಕ್ಕೆ ಹಾರುವುದೇ ಉತ್ತಮ. ಟ್ರ್ಯಾಂಪೊಲಿನ್ ಅನ್ನೂ ಅದೇ ಪುಟದಲ್ಲಿಟ್ಟರೆ ಮೇಲೆ ಹೇಳಿದ ನೆಲೆಯ ತಿದ್ದುಪಡಿಗಳು 32 ಬಿಟ್‌ಗಳೊಳಗೆ ಹಿಡಿಸುತ್ತವೆ.

ಇದುವರೆಗಿನದು ಬಹುಮಟ್ಟಿಗೆ ಒಂದೇ ಥ್ರೆಡ್ ಇರುವ ಪ್ರೋಗ್ರಾಮಿನ ಮಾತು. ಹಲವು ಥ್ರೆಡ್‌ಗಳು ಓಡುತ್ತಿರುವಾಗ ಇನ್ನೆರಡು ಅಪಾಯಗಳು ಸೇರಿಕೊಳ್ಳುತ್ತವೆ, ಅವೆರಡನ್ನೂ ಒಂದೇ ಎಂದು ಬಗೆಯುವ ತಪ್ಪನ್ನು ನಾನು ಬಹಳ ದಿನ ಮಾಡಿದೆ. ಒಂದು: ನಾವು ಐದು ಬೈಟ್ ಬರೆಯುತ್ತಿರುವ ನಡುವೆಯೇ ಇನ್ನೊಂದು ಥ್ರೆಡ್ ಆ ಫಂಕ್ಷನ್ನಿಗೆ ಕಾಲಿಟ್ಟು ಅರ್ಧ ಹಳೆಯ, ಅರ್ಧ ಹೊಸ ಬೈಟ್‌ಗಳನ್ನು ಓದುವುದು. ಇನ್ನೊಂದು: ನಾವು ಬರೆಯುವುದಕ್ಕೂ ಮುಂಚೆಯೇ ಒಂದು ಥ್ರೆಡ್ ಮೊದಲ ಇನ್‌ಸ್ಟ್ರಕ್ಷನ್ ಮುಗಿಸಿ ಎರಡನೆಯದರ ಹೊಸ್ತಿಲಲ್ಲಿ ನಿಂತಿರುವಾಗ ಕರ್ನಲ್ ಅದನ್ನು ಪಕ್ಕಕ್ಕಿಟ್ಟಿರುವುದು, ಅದು ಎಚ್ಚೆತ್ತಾಗ ಕಾಲಡಿಯಲ್ಲಿ ಜಂಪ್‌ನ ನಡುಭಾಗ ಇರುತ್ತದೆ.

ಮೊದಲನೆಯದಕ್ಕೆ ಲಿನಕ್ಸ್ ಕರ್ನಲ್ ತನ್ನದೇ ಕೋಡನ್ನು ತಿದ್ದುವಾಗ ಅನುಸರಿಸುವ ಕ್ರಮ ನನಗೆ ಬಹಳ ಮೆಚ್ಚಿಗೆಯಾಯಿತು. ಮೊದಲು ಆರಂಭದ ಒಂದು ಬೈಟನ್ನು ಮಾತ್ರ ಸಿಸಿ ಮಾಡುತ್ತದೆ. ಎಲ್ಲ ಪ್ರೊಸೆಸರ್ ಕೋರ್‌ಗಳೂ ಅದನ್ನು ಕಂಡಿವೆ ಎಂದು ಖಚಿತಪಡಿಸಿಕೊಳ್ಳುತ್ತದೆ. ಆಮೇಲೆ ಉಳಿದ ನಾಲ್ಕು ಬೈಟ್‌ಗಳನ್ನು ಬರೆದು ಮತ್ತೆ ಎಲ್ಲ ಕೋರ್‌ಗಳನ್ನೂ ಸಮನ್ವಯಗೊಳಿಸುತ್ತದೆ. ಕೊನೆಗೆ ಮೊದಲ ಬೈಟನ್ನು ನಿಜವಾದ ಬೈಟ್‌ಗೆ ಬದಲಿಸುತ್ತದೆ. ಈ ನಡುವೆ ಯಾವುದಾದರೂ ಕೋರ್ ಅಲ್ಲಿಗೆ ಬಂದರೆ ಬ್ರೇಕ್‌ಪಾಯಿಂಟ್‌ಗೆ ಸಿಕ್ಕಿಕೊಳ್ಳುತ್ತದೆ, ಹೊಸ ಇನ್‌ಸ್ಟ್ರಕ್ಷನ್ ಮಾಡಬೇಕಾದದ್ದನ್ನು ಕರ್ನಲ್ ಅದರ ಪರವಾಗಿ ಮಾಡಿಕೊಡುತ್ತದೆ. ಅರೆಬರೆ ಬೈಟ್‌ಗಳನ್ನು ಯಾರೂ ಎಂದೂ ಓದುವುದಿಲ್ಲ.

ಎರಡನೆಯದಕ್ಕೆ ಉತ್ತರ ಸೋರ್ಸ್ ಕೋಡನ್ನು ಮಷೀನ್ ಕೋಡಾಗಿಸುವ ಕಂಪೈಲರ್‌ನಿಂದ ಬರಬೇಕು. ಫಂಕ್ಷನ್‌ಗಳ ಕರೆಗಳನ್ನು ಗಮನಿಸುವ ಎಫ್‌ಟ್ರೇಸ್ ಸೌಲಭ್ಯಕ್ಕಾಗಿ ಸಿದ್ಧಪಡಿಸಿದ ಲಿನಕ್ಸ್ ಕರ್ನಲ್‌ನಲ್ಲಿ, ಎಕ್ಸ್86 ಮೇಲೆ, ಹೆಚ್ಚುಕಡಿಮೆ ಪ್ರತಿ ಫಂಕ್ಷನ್ನಿನ ಆರಂಭದಲ್ಲಿ ಐದು ಬೈಟ್‌ಗಳ ಒಂದು ನೋಪ್, ಅಂದರೆ ಏನನ್ನೂ ಮಾಡದ ಇನ್‌ಸ್ಟ್ರಕ್ಷನ್, ಇರುತ್ತದೆ. ಅದು ಒಂದೊಂದು ಬೈಟ್‌ನ ಐದು ನೋಪ್‌ಗಳಲ್ಲ, ಐದು ಬೈಟ್‌ಗಳ ಒಂದೇ ನೋಪ್. ಒಂದೇ ಇನ್‌ಸ್ಟ್ರಕ್ಷನ್ ಆದದ್ದರಿಂದ ಅದರ ನಡುವೆ ನಿಂತಿರುವ ಥ್ರೆಡ್ ಎಂಬುದೇ ಇರಲಾರದು. ಒಂದೋ ಅದಕ್ಕಿಂತ ಮುಂಚೆ, ಇಲ್ಲವೇ ಅದರ ನಂತರ. ವಿಂಡೋಸ್‌ನ 32 ಬಿಟ್‌ಗಳ ಸಿಸ್ಟಂ ಲೈಬ್ರರಿಗಳಲ್ಲಿ ಫಂಕ್ಷನ್‌ಗಳು ‘ಮೂವ್ ಇಡಿಐ, ಇಡಿಐ’ ಎಂಬ, ರಿಜಿಸ್ಟರನ್ನು ಅದಕ್ಕೇ ನಕಲು ಮಾಡುವ ಅರ್ಥಹೀನವೆಂದು ತೋರುವ ಎರಡು ಬೈಟ್‌ಗಳಿಂದ ಶುರುವಾಗುವುದಕ್ಕೂ ಇದೇ ಕಾರಣ. ಫಂಕ್ಷನ್ನಿಗಿಂತ ಮುಂಚೆ ಐದು ಖಾಲಿ ಬೈಟ್‌ಗಳನ್ನು ಬಿಟ್ಟಿರುತ್ತಾರೆ. ದೊಡ್ಡ ಜಂಪ್ ಅನ್ನು ಯಾರೂ ಓಡಾಡದ ಆ ಖಾಲಿ ಜಾಗದಲ್ಲಿ ನಿಧಾನವಾಗಿ ಬರೆದು, ಬಳಿಕ ಆ ಎರಡು ಬೈಟ್‌ಗಳನ್ನು ಹಿಂದಕ್ಕೆ ಹಾರುವ ಸಣ್ಣ ಜಂಪ್‌ಗೆ ಒಂದೇ ಏಟಿಗೆ ಬದಲಿಸಬಹುದು. ಜಿಸಿಸಿ ಎಂಬ ಕಂಪೈಲರ್ ಕೂಡ ಎಂಟನೆಯ ಆವೃತ್ತಿಯಿಂದ ಇಂಥ ಖಾಲಿ ಜಾಗವನ್ನು ಕೇಳಿ ಪಡೆಯುವ ಆಯ್ಕೆಯನ್ನು ಕೊಡುತ್ತದೆ. ನಮ್ಮದೇ ಕೋಡ್‌ಗೆ ಹುಕ್ ಹಾಕುವುದಾದರೆ ಈ ಆಯ್ಕೆಯನ್ನು ಬಿಟ್ಟು ಬೇರೆ ಹಾದಿ ಹಿಡಿಯಲು ನನಗೆ ಯಾವ ಕಾರಣವೂ ತೋರುವುದಿಲ್ಲ. ಬೇರೆಯವರ ಲೈಬ್ರರಿಯಲ್ಲಿ ಆ ಸೌಲಭ್ಯ ಇಲ್ಲವಾದ್ದರಿಂದ, ಉಳಿದ ಥ್ರೆಡ್‌ಗಳನ್ನೆಲ್ಲ ತಡೆದು ನಿಲ್ಲಿಸಿ, ಒಂದೊಂದರ ಇನ್‌ಸ್ಟ್ರಕ್ಷನ್ ಪಾಯಿಂಟರ್ (ಮುಂದೆ ಓಡಬೇಕಾದ ಇನ್‌ಸ್ಟ್ರಕ್ಷನ್ನಿನ ವಿಳಾಸ) ಎಲ್ಲಿದೆ ಎಂದು ನೋಡಿ, ನಾವು ಮುಚ್ಚುವ ಜಾಗದಲ್ಲಿದ್ದರೆ ಅದನ್ನು ಟ್ರ್ಯಾಂಪೊಲಿನ್‌ನ ತಕ್ಕ ಜಾಗಕ್ಕೆ ಸರಿಸಬೇಕಾಗುತ್ತದೆ.

ಆರ್ಮ್‌ನ 64 ಬಿಟ್‌ಗಳ ಪ್ರೊಸೆಸರ್‌ಗಳಲ್ಲಿ ಪ್ರತಿ ಇನ್‌ಸ್ಟ್ರಕ್ಷನ್ನೂ ನಾಲ್ಕೇ ಬೈಟ್. ಉದ್ದದ ಲೆಕ್ಕಾಚಾರ ಅಲ್ಲಿ ಮಾಯವಾಗುತ್ತದೆ. ಒಂದು ಇನ್‌ಸ್ಟ್ರಕ್ಷನ್ನಿನ ನೇರ ಜಂಪ್ ಹಿಂದೆ ಮುಂದೆ 128 ಮೆಗಾಬೈಟ್ ಮಾತ್ರ ತಲುಪುತ್ತದೆ. ಹೊಸ ತೊಡಕೆಂದರೆ, ಇನ್‌ಸ್ಟ್ರಕ್ಷನ್‌ಗಳ ನಕಲನ್ನು ಪ್ರೊಸೆಸರ್ ಬಳಿಯೇ ಇಟ್ಟುಕೊಳ್ಳುವ ಕ್ಯಾಶ್ ನಾವು ಬರೆದದ್ದನ್ನು ತಾನಾಗಿ ಗಮನಿಸುತ್ತದೆ ಎಂಬ ಭರವಸೆ ಅಲ್ಲಿಲ್ಲ. ಬರೆದ ಮೇಲೆ ಕ್ಯಾಶನ್ನು ಸ್ಪಷ್ಟವಾಗಿ ತೆರವುಗೊಳಿಸದಿದ್ದರೆ ಹಳೆಯ ಕೋಡೇ ಇನ್ನೂ ಎಷ್ಟೋ ಹೊತ್ತು ಓಡುತ್ತಿರಬಹುದು. ಎಕ್ಸ್86 ಮೇಲೆ ಸರಿಯಾಗಿ ನಡೆದ ಹುಕ್ ಆರ್ಮ್ ಮೇಲೆ ಒಮ್ಮೆ ನಡೆದು ಒಮ್ಮೆ ನಡೆಯದಿದ್ದರೆ ನಾನು ಮೊದಲು ನೋಡುವುದು ಇದನ್ನೇ.

ಇನ್ನು ಹುಕ್‌ನ ಒಳಗಿನ ಶಿಸ್ತು. ನನ್ನ ಹುಕ್ ಪ್ರತಿ ಕರೆಯನ್ನೂ ಲಾಗ್ ಮಾಡುತ್ತಿತ್ತು. ಲಾಗ್ ಮಾಡುವ ಕೋಡ್ ಮೆಮೊರಿ ಕೇಳುತ್ತದೆ, ಕೆಲವೊಮ್ಮೆ ಡಿಸ್ಕಿಗೂ ಬರೆಯುತ್ತದೆ. ಹುಕ್ ಹಾಕಿದ ಫಂಕ್ಷನ್ನನ್ನೇ ಹುಕ್ ತಾನು ಕರೆದರೆ ಸ್ಟ್ಯಾಕ್ ತುಂಬುವವರೆಗೆ ಅದು ತನ್ನೊಳಗೆ ತಾನೇ ಇಳಿಯುತ್ತ ಹೋಗುತ್ತದೆ. ಪ್ರತಿ ಥ್ರೆಡ್‌ಗೂ ‘ನಾನೀಗ ಹುಕ್‌ನಲ್ಲಿದ್ದೇನೆ’ ಎಂಬ ಗುರುತೊಂದನ್ನಿಟ್ಟು, ಗುರುತಿದ್ದಾಗ ಏನನ್ನೂ ಮಾಡದೆ ಟ್ರ್ಯಾಂಪೊಲಿನ್‌ಗೆ ಹೋಗುವಂತೆ ಮಾಡಿದೆ. ಲಾಗ್ ಅನ್ನು ಮೊದಲೇ ತೆಗೆದಿಟ್ಟ ಮೆಮೊರಿಯ ಒಂದು ಸರಣಿಗೆ ಸೀಮಿತಗೊಳಿಸಿ, ಅದನ್ನು ಓದುವ ಕೆಲಸವನ್ನು ಬೇರೆ ಥ್ರೆಡ್‌ಗೆ ವಹಿಸಿದೆ. ಕೊನೆಯ ತಪ್ಪಿನ ಸಂಖ್ಯೆಯನ್ನು ಹಿಡಿದಿಡುವ ಎರ್‌ನೋದ ಮೌಲ್ಯವನ್ನು ಹುಕ್‌ಗೆ ಬಂದಾಗ ಎತ್ತಿಟ್ಟು, ಟ್ರ್ಯಾಂಪೊಲಿನ್ ಕರೆದು ಬಂದ ಮೇಲೆ ಇನ್ನೊಮ್ಮೆ ಎತ್ತಿಟ್ಟು, ಹೊರಡುವಾಗ ಮರಳಿ ಇಡಬೇಕು. ಇಲ್ಲದಿದ್ದರೆ ಮೂಲ ಫಂಕ್ಷನ್ ಹೇಳಿದ ತಪ್ಪಿನ ಬದಲು ನಮ್ಮ ಲಾಗ್‌ನ ತಪ್ಪು ಕರೆಗಾರನಿಗೆ ತಲುಪುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ರಿಜಿಸ್ಟರ್‌ಗಳ ವಿಷಯ. ಕರೆಯಲ್ಲಿ ಯಾವ ರಿಜಿಸ್ಟರ್‌ಗಳನ್ನು ಕೆಡಿಸಬಹುದು, ಯಾವುದನ್ನು ಉಳಿಸಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವಿದೆ. ಆದರೆ ಕರೆಯುವ ಫಂಕ್ಷನ್ ಮತ್ತು ಕರೆಗೆ ಓಗೊಡುವ ಫಂಕ್ಷನ್ ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದಾಗ ಕಂಪೈಲರ್ ಆ ನಿಯಮವನ್ನು ಮೀರಿ ಯೋಚಿಸುತ್ತದೆ. ಜಿಸಿಸಿ ತನ್ನ ಓ2 ಎಂಬ, ಕೋಡನ್ನು ಚುರುಕುಗೊಳಿಸುವ ಮಟ್ಟದಲ್ಲಿ, ಒಳಗಿನ ಫಂಕ್ಷನ್ ಇಂತಿಂಥ ರಿಜಿಸ್ಟರ್‌ಗಳನ್ನು ಮುಟ್ಟುವುದೇ ಇಲ್ಲ ಎಂದು ಕಂಡುಕೊಂಡರೆ, ಕರೆಯ ಆಚೆಗೂ ಅವುಗಳಲ್ಲಿ ಬೆಲೆಯುಳ್ಳ ಸಂಗತಿಗಳನ್ನು ಇಟ್ಟುಕೊಳ್ಳುತ್ತದೆ. ನಮ್ಮ ಹುಕ್ ನಿಯಮದ ಪ್ರಕಾರವೇ ನಡೆದು ಆ ರಿಜಿಸ್ಟರ್‌ಗಳನ್ನು ಬಳಸಿದರೂ ಕರೆಗಾರನ ಲೆಕ್ಕ ಕೆಡುತ್ತದೆ. ಹಾಗಾಗಿ ಹೊರಕ್ಕೆ ತೆರೆದಿರದ ಒಳಗಿನ ಫಂಕ್ಷನ್ನಿಗೆ ಹುಕ್ ಹಾಕುವಾಗ, ಕೆಡಿಸಬಹುದಾದ ಎಲ್ಲ ರಿಜಿಸ್ಟರ್‌ಗಳನ್ನೂ ಉಳಿಸಿ ಮರಳಿಸುವ ಅಸೆಂಬ್ಲಿ ಹೊದಿಕೆಯೊಂದನ್ನು ನಾನು ಕಡ್ಡಾಯವಾಗಿ ಬಳಸುತ್ತೇನೆ. ಕರೆಗಾರನೊಳಗೇ ಕರಗಿಹೋದ ಇನ್‌ಲೈನ್ ಫಂಕ್ಷನ್ನಿಗೆ ಹುಕ್ ಹಾಕಲು ಜಾಗವೇ ಇರುವುದಿಲ್ಲ. ಒಂದೇ ಬಗೆಯ ಬೈಟ್‌ಗಳಿರುವ ಎರಡು ಫಂಕ್ಷನ್‌ಗಳನ್ನು ಲಿಂಕರ್ ಒಂದಾಗಿಸಿದ್ದರೆ, ಒಂದಕ್ಕೆ ಹಾಕಿದ ಹುಕ್ ಇನ್ನೊಂದನ್ನೂ ಹಿಡಿಯುತ್ತದೆ.

ಈ ತಂತ್ರವನ್ನು ಕಾವಲಿನ ತಂತ್ರಾಂಶಗಳೂ ಬಳಸುತ್ತವೆ, ಅವು ತಡೆಯಲು ಹೊರಟ ದುಷ್ಟ ತಂತ್ರಾಂಶಗಳೂ ಬಳಸುತ್ತವೆ. ಆಪರೇಟಿಂಗ್ ಸಿಸ್ಟಂಗಳು ಕೋಡ್ ಪುಟಗಳ ಮೇಲೆ ಬಿಗಿಯನ್ನು ಹೆಚ್ಚಿಸುತ್ತ ಬಂದಿರುವುದು ಅದಕ್ಕಾಗಿಯೇ, ಆ ಬಿಗಿ ನ್ಯಾಯವಾದದ್ದು. ನಾನು ಇದನ್ನು ನಮ್ಮದೇ ಪ್ರೊಸೆಸ್‌ನಲ್ಲಿ, ನಮ್ಮ ಹೊಣೆಯಲ್ಲಿರುವ ಯಂತ್ರದಲ್ಲಿ ಮಾತ್ರ ಮಾಡಿದ್ದೇನೆ.

ಹುಕ್ ಹಾಕಿದ ಮೂರನೆಯ ದಿನ ಸರ್ವರ್ ಮತ್ತೆ ಸ್ತಬ್ಧವಾಯಿತು. ಲಾಗ್‌ನಲ್ಲಿ ಅದೇ ಹೊತ್ತಿಗೆ ಬರೆಯುವ ಫಂಕ್ಷನ್ನಿನ ಒಂದು ಕರೆ ದಾಖಲಾಗಿತ್ತು, ಹಿಂತಿರುಗುವ ವಿಳಾಸ ಲೈಬ್ರರಿಯ ಒಳಗಿನದೇ. ಆ ವಿಳಾಸದ ಸುತ್ತಲಿನ ಕೋಡ್ ಓದಿದಾಗ, ಒಳಗಿನ ಕೋಷ್ಟಕವೊಂದು ತುಂಬಿದಾಗಲೆಲ್ಲ ಲೈಬ್ರರಿ, ಒಂದು ಸಲಕ್ಕೆ ಒಂದೇ ಥ್ರೆಡ್‌ಗೆ ದಾರಿ ಬಿಡುವ ಲಾಕ್ ಹಿಡಿದುಕೊಂಡೇ ಇಡೀ ಕೋಷ್ಟಕವನ್ನು ಡಿಸ್ಕಿಗೆ ಇಳಿಸುತ್ತಿರುವುದು ಕಂಡಿತು. ನಮ್ಮ ಉಳಿದ ಥ್ರೆಡ್‌ಗಳೆಲ್ಲ ಅದೇ ಲಾಕ್‌ಗಾಗಿ ಕಾಯುತ್ತಿದ್ದವು. ವಿಳಾಸ ಮತ್ತು ಸಮಯಗಳ ಸಮೇತ ಲೈಬ್ರರಿಯವರಿಗೆ ಬರೆದೆವು, ಮುಂದಿನ ಆವೃತ್ತಿಯಲ್ಲಿ ಅವರು ಅದನ್ನು ಸರಿಪಡಿಸಿದರು. ಅಷ್ಟರೊಳಗೆ ಓಡುತ್ತಿದ್ದ ಸರ್ವರ್‌ನಿಂದ ಹುಕ್ ತೆಗೆಯುವಾಗ ಮೂಲ ಬೈಟ್‌ಗಳನ್ನು ಅದೇ ಎಚ್ಚರಿಕೆಯಿಂದ ಮರಳಿ ಬರೆದೆ, ಆದರೆ ಟ್ರ್ಯಾಂಪೊಲಿನ್ ಇದ್ದ ಪುಟವನ್ನು ಬಿಡುಗಡೆ ಮಾಡಲಿಲ್ಲ. ಟ್ರ್ಯಾಂಪೊಲಿನ್ ಮೂಲಕ ಒಳಹೋದ ಯಾವುದಾದರೂ ಥ್ರೆಡ್ ಇನ್ನೂ ಅಲ್ಲೇ ಅರ್ಧದಲ್ಲಿ ನಿಂತಿರಬಹುದು. ಅದಿಲ್ಲ ಎಂದು ಖಚಿತವಾಗಿ ಹೇಳುವ ದಾರಿ ನನಗಿರಲಿಲ್ಲ. ಆ 4096 ಬೈಟ್‌ಗಳು ಸರ್ವರ್ ನಿಲ್ಲುವವರೆಗೂ ಅಲ್ಲಿಯೇ ಉಳಿದವು.